ಟ್ಯಾಕ್ಸಿ ಶುಲ್ಕವನ್ನು ಯಾರು ಗೊತ್ತು ಮಾಡುತ್ತಾರೆ, ಆ ಹಣ ಎಲ್ಲಿಗೆ ಹೋಗುತ್ತದೆ? ಕಲಬುರಗಿ, ಬೀದರ್, ಯಾದಗಿರಿಯ ಚಾಲಕರು ಪದೇ ಪದೇ ಕೇಳುವ ಪ್ರಶ್ನೆಗಳು

ಹಳದಿ ಬೋರ್ಡಿನ ಕಾರು ಇಟ್ಟುಕೊಂಡು ದುಡಿಯುವವರು ಸ್ಟ್ಯಾಂಡಿನಲ್ಲಿ, ಆರ್‌ಟಿಒ ಕಚೇರಿಯ ಮುಂದೆ, ಪತ್ರಗಳಲ್ಲಿ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಲಾಗಿದೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲಿಯೇ ಉಳಿಸಿಕೊಂಡಿದ್ದೇವೆ. ಸರಳವಾದವು ಮೊದಲು ಬರುತ್ತವೆ, ಕಾನೂನಿನ ಆಳಕ್ಕೆ ಇಳಿಯುವಂಥವು ಕೊನೆಗೆ. ಒಂದೊಂದು ಉತ್ತರವನ್ನೂ ಬಿಡಿಯಾಗಿ ಓದಿಕೊಳ್ಳಬಹುದು. ‘ಕಾಯ್ದೆ’, ‘ಕಲಮು’ ಎಂದಷ್ಟೇ ಇರುವಲ್ಲಿ 1988ರ ಮೋಟಾರು ವಾಹನ ಕಾಯ್ದೆಯೆಂದು ತಿಳಿಯಿರಿ.

## ಮೊದಲು ತಿಳಿಯಬೇಕಾದದ್ದು

ಎಲ್ಲಾನೂ ಕೂಡಿಸಿ ‘ಲೈಸೆನ್ಸ್ ಫೀಸ್’ ಅಂತಾರ. ಅದ್ರಾಗ ಏನೇನ್ ಬರ್ತದ್ರಿ?

ಒಬ್ಬ ಟ್ಯಾಕ್ಸಿ ಮಾಲೀಕ ಸರ್ಕಾರಕ್ಕೆ ಕಟ್ಟುವ ಹಣದಲ್ಲಿ ಕನಿಷ್ಠ ನಾಲ್ಕು ಬೇರೆ ಬೇರೆ ಬಾಬತ್ತುಗಳಿವೆ, ಅವುಗಳನ್ನು ಬೇರ್ಪಡಿಸಿಕೊಳ್ಳದೆ ಮುಂದಿನ ಯಾವ ಲೆಕ್ಕವೂ ಅರ್ಥವಾಗುವುದಿಲ್ಲ. ಚಾಲಕನ ಡಿಎಲ್‌ಗೆ ಸಂಬಂಧಿಸಿದ ಶುಲ್ಕ ಒಂದು. ವಾಹನದ ನೋಂದಣಿ ಮತ್ತು ಎಫ್‌ಸಿ, ಅಂದರೆ ವಾಹನ ರಸ್ತೆಗಿಳಿಯಲು ಯೋಗ್ಯವಾಗಿದೆ ಎಂಬ ಪ್ರಮಾಣಪತ್ರದ ಶುಲ್ಕ ಎರಡನೆಯದು. ಬಾಡಿಗೆಗೆ ಓಡಿಸಲು ಬೇಕಾದ ಪರ್ಮಿಟ್ಟಿನ ಶುಲ್ಕ ಮೂರನೆಯದು. ನಾಲ್ಕನೆಯದು ಮೋಟಾರು ವಾಹನ ತೆರಿಗೆ, ಇದರ ಮೇಲೆ ಸೆಸ್ಸುಗಳೂ, ಅಂದರೆ ಗೊತ್ತಾದ ಉದ್ದೇಶಕ್ಕೆಂದು ಪಡೆಯುವ ಹೆಚ್ಚುವರಿ ಹಣವೂ, ಸೇರುತ್ತವೆ. ಮೊದಲ ಮೂರು ಶುಲ್ಕಗಳು, ಕೊನೆಯದು ತೆರಿಗೆ. ಮೊತ್ತದಲ್ಲಿ ತೆರಿಗೆಯೇ ದೊಡ್ಡದು, ಚಾಲಕರ ಸಿಟ್ಟು ಮಾತ್ರ ಹೆಚ್ಚಾಗಿ ಶುಲ್ಕದ ಮೇಲೆ ತಿರುಗುತ್ತದೆ.

ವಿಮೆಯ ಕಂತು, ಟೋಲ್, ಪಾರ್ಕಿಂಗ್ ಹಣ ಇವು ಯಾವುವೂ ಆರ್‌ಟಿಒ ಶುಲ್ಕವಲ್ಲ.

ನಮ್ಮ ಆರ್‌ಟಿಒ ಸಾಹೇಬ್ರೇ ಫೀಸ್ ಏರಿಸ್ತಾರೇನ್ರಿ?

ಇಲ್ಲ. ಕಲಬುರಗಿ (ಕೆಎ-32), ಯಾದಗಿರಿ (ಕೆಎ-33), ಬೀದರ್ (ಕೆಎ-38), ಭಾಲ್ಕಿ (ಕೆಎ-39), ಬಸವಕಲ್ಯಾಣ (ಕೆಎ-56) ಇವುಗಳಲ್ಲಿ ಯಾವ ಕಚೇರಿಗೂ ಶುಲ್ಕವನ್ನು ಒಂದು ರೂಪಾಯಿ ಏರಿಸುವ ಅಥವಾ ಇಳಿಸುವ ಅಧಿಕಾರವಿಲ್ಲ. ಡಿಎಲ್, ನೋಂದಣಿ ಮತ್ತು ಎಫ್‌ಸಿ ಶುಲ್ಕಗಳು 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿವೆ. ಡಿಎಲ್‌ನದು 32ನೇ ನಿಯಮದಲ್ಲಿ, ವಾಹನದ್ದು 81ನೇ ನಿಯಮದಲ್ಲಿ. ಇವನ್ನು ಬದಲಿಸುವುದು ದೆಹಲಿಯ ರಸ್ತೆ ಸಾರಿಗೆ ಸಚಿವಾಲಯ. ಪರ್ಮಿಟ್ ಶುಲ್ಕ ರಾಜ್ಯದ ನಿಯಮಗಳಲ್ಲಿದೆ, ಅದನ್ನು ಬದಲಿಸುವುದು ಬೆಂಗಳೂರು. ತೆರಿಗೆಯ ದರ 1957ರ ಕರ್ನಾಟಕ ಮೋಟಾರು ವಾಹನ ತೆರಿಗೆ ಕಾಯ್ದೆಯಲ್ಲಿದೆ, ಅದನ್ನು ಬದಲಿಸಲು ಶಾಸನಸಭೆಯ ಒಪ್ಪಿಗೆ ಬೇಕು.

ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ, ಆರ್‌ಟಿಒ ಕಾರ್ಯದರ್ಶಿಯಾಗಿ ನಡೆಯುವ ಪ್ರಾದೇಶಿಕ ಸಾರಿಗೆ ಪ್ರಾಧಿಕಾರಕ್ಕೆ ಪರ್ಮಿಟ್ ಕೊಡುವ, ನಿರಾಕರಿಸುವ, ಷರತ್ತು ಹಾಕುವ ಅಧಿಕಾರವಿದೆ. ಶುಲ್ಕ ನಿಗದಿ ಅದರ ವ್ಯಾಪ್ತಿಯಲ್ಲಿಲ್ಲ. ಆದ್ದರಿಂದ ಶುಲ್ಕ ಏರಿಕೆಯನ್ನು ವಿರೋಧಿಸಿ ಜಿಲ್ಲಾಧಿಕಾರಿ ಕಚೇರಿಯ ಮುಂದೆ ಧರಣಿ ಕೂತರೆ ಸುದ್ದಿಯಾಗಬಹುದು, ದರ ಇಳಿಯಲಾರದು. ಯಾವ ಬಾಬತ್ತಿಗೆ ಯಾರನ್ನು ಕೇಳಬೇಕೆಂದು ತಿಳಿಯದೆ ನಮ್ಮ ಭಾಗದ ಸಂಘಗಳ ಎಷ್ಟೋ ಶ್ರಮ ವ್ಯರ್ಥವಾಗಿದೆ ಎಂಬ ನೋವಿನಿಂದಲೇ ಈ ಬರಹವನ್ನು ಸಿದ್ಧಪಡಿಸಿದ್ದೇವೆ.

ಏಜೆಂಟ್ ಹೇಳಿದ್ದೊಂದು, ರಸೀದಿಯಾಗಿರೋದು ಇನ್ನೊಂದು. ಖರೇ ಫೀಸ್ ಎಷ್ಟ್ರಿ?

ರಸೀದಿಯಲ್ಲಿರುವುದೇ ಶುಲ್ಕ. 2016ರ ಡಿಸೆಂಬರ್ 29ರಂದು ಕೇಂದ್ರ ಸರ್ಕಾರ ಶುಲ್ಕಪಟ್ಟಿಯನ್ನು ಪರಿಷ್ಕರಿಸಿದಾಗ ಡಿಎಲ್ ನವೀಕರಣಕ್ಕೆ 200 ರೂಪಾಯಿ, ಲಘು ವಾಹನದ ಎಫ್‌ಸಿ ಪರೀಕ್ಷೆಗೆ ಕೈಯಿಂದ ತಪಾಸಣೆಯಾದರೆ 400, ಯಂತ್ರದಿಂದಾದರೆ 600, ಪ್ರಮಾಣಪತ್ರಕ್ಕೆ ಪ್ರತ್ಯೇಕವಾಗಿ 200 ರೂಪಾಯಿ ಎಂದು ಗೊತ್ತುಪಡಿಸಿತು. ಆ ಬಳಿಕ ಹಳೆಯ ವಾಹನಗಳ ದರದಲ್ಲಿ ಬದಲಾವಣೆಗಳಾಗಿವೆ. ಹೀಗಾಗಿ ಕಟ್ಟುವ ದಿನ ಪರಿವಾಹನ್ ಜಾಲತಾಣದಲ್ಲಿ ನಿಮ್ಮ ವಾಹನದ ಸಂಖ್ಯೆ ಹಾಕಿ, ಅಲ್ಲಿ ಕಾಣುವ ಮೊತ್ತವನ್ನು ಬರೆದುಕೊಳ್ಳಿ.

ಏಜೆಂಟರು ತಮ್ಮ ಓಡಾಟಕ್ಕೆ ಕೂಲಿ ಕೇಳುವುದು ಒಂದು ಮಾತು, ಕೂಲಿಯನ್ನೂ ಸೇರಿಸಿ ‘ಸರ್ಕಾರಿ ಫೀಸೇ ಇಷ್ಟು’ ಎನ್ನುವುದು ಇನ್ನೊಂದು ಮಾತು. ಹಣ ಕೊಟ್ಟವರು ಬ್ಯಾಂಕ್ ಉಲ್ಲೇಖ ಸಂಖ್ಯೆಯಿರುವ ರಸೀದಿಯನ್ನು ಕೇಳಿ ಪಡೆಯಬೇಕು. ಆ ರಸೀದಿಯಿಲ್ಲದೆ ಮುಂದೆ ಯಾವ ದೂರೂ ನಿಲ್ಲುವುದಿಲ್ಲ.

ಕಾರಿನ ಲೈಸೆನ್ಸ್ ಅದ. ಟ್ಯಾಕ್ಸಿಗಿ ಬೇರೆ ಫೀಸ್ ಕಟ್ಟಿ ಮತ್ತೊಂದು ಬರೆಸ್ಬೇಕಾ?

ಒಟ್ಟು ತೂಕ 7,500 ಕಿಲೋ ಮೀರದ ಸಾರಿಗೆ ವಾಹನವನ್ನು ಲಘು ಮೋಟಾರು ವಾಹನದ ಲೈಸೆನ್ಸ್ ಇರುವವರು ಓಡಿಸಬಹುದು, ಅದಕ್ಕೆ ಪ್ರತ್ಯೇಕ ನಮೂದು ಬೇಡ ಎಂದು ಸುಪ್ರೀಂ ಕೋರ್ಟು 2017ರಲ್ಲಿ ಹೇಳಿತ್ತು. 2024ರ ನವೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠ ಅದನ್ನೇ ಎತ್ತಿಹಿಡಿಯಿತು. ನಮ್ಮ ಸ್ಟ್ಯಾಂಡುಗಳಲ್ಲಿ ನಿಲ್ಲುವ ಡಿಜೈರ್, ಎರ್ಟಿಗಾ, ಇನ್ನೋವಾಗಳೆಲ್ಲ ಈ ಮಿತಿಯೊಳಗೇ ಬರುತ್ತವೆ.

ವೈಟ್ ಬೋರ್ಡ್ ಗಾಡಿಯವ್ರು ಒಂದೂ ಪರ್ಮಿಟ್ ಇಲ್ದೆ ಬಾಡಿಗಿ ಹೊಡಿತಾರ. ನಾವ್ಯಾಕ ಕಟ್ಬೇಕ್ರಿ?

ಸ್ಟ್ಯಾಂಡುಗಳಲ್ಲಿ ಅತಿ ಹೆಚ್ಚು ಕೇಳಿಬರುವ, ಅತಿ ನ್ಯಾಯವಾದ ಪ್ರಶ್ನೆ ಇದು. 1988ರ ಮೋಟಾರು ವಾಹನ ಕಾಯ್ದೆಯ 66ನೇ ಕಲಮಿನ ಪ್ರಕಾರ ಪರ್ಮಿಟ್ ಇಲ್ಲದೆ ಬಾಡಿಗೆಗೆ ಓಡಿಸುವಂತಿಲ್ಲ. ಓಡಿಸಿದರೆ 192ಎ ಕಲಮಿನಡಿ ಮೊದಲ ತಪ್ಪಿಗೇ 10,000 ರೂಪಾಯಿ ದಂಡ ಮತ್ತು ಆರು ತಿಂಗಳವರೆಗೆ ಸೆರೆವಾಸಕ್ಕೆ ಅವಕಾಶವಿದೆ. ಬಿಳಿ ಬೋರ್ಡಿನ, ಅಂದರೆ ಖಾಸಗಿ ಕಾರಿನ ಮಾಲೀಕ ನೋಂದಣಿಯ ದಿನವೇ ದೊಡ್ಡ ಮೊತ್ತದ ಆಜೀವ ತೆರಿಗೆ ಕಟ್ಟಿರುತ್ತಾನೆ ನಿಜ, ಆದರೆ ಆ ತೆರಿಗೆ ಬಾಡಿಗೆ ಹೊಡೆಯುವ ಹಕ್ಕನ್ನು ಕೊಡುವುದಿಲ್ಲ. ಅಪಘಾತವಾದಾಗ ವಿಮಾ ಕಂಪನಿ ಮೊದಲು ಎತ್ತುವ ತಕರಾರು ಪರ್ಮಿಟ್ಟಿನದೇ. ಆಗ ಪ್ರಯಾಣಿಕರ ಕುಟುಂಬವೂ ಮಾಲೀಕನೂ ಕೋರ್ಟಿನ ಮೆಟ್ಟಿಲು ಹತ್ತಬೇಕಾಗುತ್ತದೆ.

ಪರ್ಮಿಟ್ ಶುಲ್ಕಕ್ಕೆ ಬದಲಾಗಿ ಸರ್ಕಾರ ಕೊಡಬೇಕಾದ ಮುಖ್ಯ ಸೇವೆಯೇ ಪರ್ಮಿಟ್ ಇಲ್ಲದವರನ್ನು ತಡೆಯುವುದು ಎಂಬುದು ನಮ್ಮ ಖಚಿತ ನಿಲುವು. ಆ ತಡೆ ನಡೆಯದಿದ್ದರೆ ಶುಲ್ಕ ಕಟ್ಟಿದವನು ಶುಲ್ಕಕ್ಕೂ ಬಾಡಿಗೆಗೂ ಎರಡು ಸಲ ಕಳೆದುಕೊಳ್ಳುತ್ತಾನೆ. ಎಷ್ಟು ವಾಹನ ಹಿಡಿದರು, ಎಷ್ಟು ಪ್ರಕರಣ ಹಾಕಿದರು ಎಂಬ ಅಂಕಿಯನ್ನು ಪ್ರತಿ ಕಚೇರಿಯಿಂದ ಕೇಳಿ ಪಡೆಯುವ ಹಕ್ಕು ನಿಮಗಿದೆ. ಕೇಳುವ ಬಗೆ ಕೊನೆಯ ಭಾಗದಲ್ಲಿದೆ.

ಗಾಡಿ ಗ್ಯಾರೇಜಿನ್ಯಾಗ ನಿಂತಿತ್ತು, ಎಫ್‌ಸಿ ತಾರೀಖು ಹೋಯ್ತು. ದಿನಕ್ಕ 50 ರೂಪಾಯಿ ಅಂತಾರ, ಇದು ದಂಡ ಏನ್ರಿ?

2016ರ ಪರಿಷ್ಕರಣೆಯಲ್ಲಿ ಇದನ್ನು ‘ಹೆಚ್ಚುವರಿ ಶುಲ್ಕ’ ಎಂದು ಕರೆಯಲಾಗಿದೆ. ಎಫ್‌ಸಿ ಅವಧಿ ಮುಗಿದ ನಂತರದ ಪ್ರತಿ ದಿನಕ್ಕೆ 50 ರೂಪಾಯಿ. ಆರು ತಿಂಗಳು ನಿಂತ ವಾಹನಕ್ಕೆ ಇದು ಸುಮಾರು 9,000 ರೂಪಾಯಿಯಾಗುತ್ತದೆ, ಮೂಲ ಶುಲ್ಕಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಹೊಸ ಸಾರಿಗೆ ವಾಹನಕ್ಕೆ ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ ಮಾಡಿಸಬೇಕು. ಈ ಬದಲಾವಣೆಯ ವರ್ಷದಲ್ಲಿಯೇ ತಾರೀಖು ತಪ್ಪುವವರು ಹೆಚ್ಚು.

ವಾಹನವನ್ನು ದೀರ್ಘಕಾಲ ನಿಲ್ಲಿಸಬೇಕಾಗಿ ಬಂದರೆ ಓಡಿಸುತ್ತಿಲ್ಲವೆಂದು ಮುಂಚಿತವಾಗಿ ಆರ್‌ಟಿಒ ಕಚೇರಿಗೆ ಲಿಖಿತ ಸೂಚನೆ ಕೊಡಿ. ಅದರಿಂದ ತೆರಿಗೆಯ ವಿಷಯದಲ್ಲಿ ಪರಿಹಾರ ಕೇಳಲು ದಾರಿಯಾಗುತ್ತದೆ. ನಿಲ್ಲಿಸಿ ತಿಂಗಳುಗಳಾದ ಮೇಲೆ ಕೊಟ್ಟ ಅರ್ಜಿಗೆ ಬೆಲೆಯಿಲ್ಲ.

## ನಿಗದಿ ಮಾಡುವ ಬಗೆ

ತೆರಿಗೆ ಬ್ಯಾರೆ, ಶುಲ್ಕ ಬ್ಯಾರೆ ಅಂತೀರಿ. ಕಟ್ಟೋದು ನಮ್ಮ ಕಿಸೆಯಿಂದಾನೇ ಅಲ್ರಿ?

ಕಿಸೆ ಒಂದೇ, ಆದರೆ ಅದಕ್ಕೆ ಕೈಹಾಕುವ ಅಧಿಕಾರ ಬೇರೆ ಬೇರೆ. ಸಂವಿಧಾನದ 265ನೇ ಅನುಚ್ಛೇದ ಕಾನೂನಿನ ಅಧಿಕಾರವಿಲ್ಲದೆ ಯಾವ ತೆರಿಗೆಯನ್ನೂ ವಸೂಲು ಮಾಡಬಾರದೆನ್ನುತ್ತದೆ. ವಾಹನಗಳ ಮೇಲೆ ತೆರಿಗೆ ಹಾಕುವ ಅಧಿಕಾರವನ್ನು ಏಳನೇ ಅನುಸೂಚಿಯ ರಾಜ್ಯಪಟ್ಟಿಯ 57ನೇ ನಮೂದು ರಾಜ್ಯಕ್ಕೆ ಕೊಟ್ಟಿದೆ. ತೆರಿಗೆ ಕೊಟ್ಟವನಿಗೆ ಪ್ರತಿಯಾಗಿ ಇಂಥದ್ದೇ ಸೇವೆ ಕೊಡಬೇಕೆಂಬ ಕಟ್ಟುಪಾಡಿಲ್ಲ. ಶುಲ್ಕದ ಮಾತು ಹಾಗಲ್ಲ.

ಈ ಭೇದವನ್ನು ಸ್ವತಂತ್ರ ಭಾರತದ ಕಾನೂನಿನಲ್ಲಿ ಗಟ್ಟಿಯಾಗಿ ನೆಲೆಗೊಳಿಸಿದ ತೀರ್ಪು ಉಡುಪಿಯ ಶಿರೂರು ಮಠದ ಪ್ರಕರಣದಲ್ಲಿ ಬಂತು. ಮಠದಿಂದ ಸರ್ಕಾರ ವಸೂಲು ಮಾಡುತ್ತಿದ್ದ ವಾರ್ಷಿಕ ವಂತಿಗೆ ಶುಲ್ಕವೋ ತೆರಿಗೆಯೋ ಎಂಬ ಪ್ರಶ್ನೆ ಬಂದಾಗ, ಕೊಟ್ಟವನಿಗೆ ಸಲ್ಲುವ ಸೇವೆಗೂ ಪಡೆದ ಹಣಕ್ಕೂ ಸಂಬಂಧವಿದ್ದರಷ್ಟೇ ಅದು ಶುಲ್ಕ ಎಂದು ಸುಪ್ರೀಂ ಕೋರ್ಟು 1954ರಲ್ಲಿ ತೀರ್ಮಾನಿಸಿತು. ಮುಂದಿನ ವರ್ಷಗಳಲ್ಲಿ ಕೋರ್ಟು ಈ ಬಿಗಿಯನ್ನು ಸಡಿಲಿಸುತ್ತ ಬಂತು. 1983ರ ಶ್ರೀನಿವಾಸ ಜನರಲ್ ಟ್ರೇಡರ್ಸ್ ಪ್ರಕರಣದಲ್ಲಿ ರೂಪಾಯಿಗೆ ರೂಪಾಯಿ ತಾಳೆಯಾಗಬೇಕಿಲ್ಲ, ಸ್ಥೂಲವಾದ ಸಂಬಂಧವಿದ್ದರೆ ಸಾಕು ಎಂದಿತು. ನಿಯಂತ್ರಣಕ್ಕಾಗಿ ವಿಧಿಸುವ ಲೈಸೆನ್ಸ್ ಶುಲ್ಕಕ್ಕೆ ನೇರ ಸೇವೆಯನ್ನು ತೋರಿಸಬೇಕಾಗಿಯೂ ಇಲ್ಲ, ಆದರೆ ಮೊತ್ತ ಮಿತಿಮೀರಬಾರದು, ನಿಯಂತ್ರಣದ ವೆಚ್ಚದೊಡನೆ ಹೊಂದಿಕೆಯಿರಬೇಕು ಎಂಬುದು ಹೈದರಾಬಾದಿನ ಹೋಟೆಲು ಮಾಲೀಕರ ಸಂಘದ 1999ರ ಪ್ರಕರಣದಿಂದ ಸ್ಪಷ್ಟವಾಯಿತು.

ಎಫ್‌ಸಿ ಮತ್ತು ಪರ್ಮಿಟ್ ಶುಲ್ಕಗಳು ಈ ಕೊನೆಯ ಬಗೆಗೆ ಹತ್ತಿರ. ಆದ್ದರಿಂದ ‘ನನಗೇನು ಸೇವೆ ಕೊಟ್ಟಿರಿ?’ ಎಂಬ ಪ್ರಶ್ನೆಯೊಂದರಿಂದಲೇ ಶುಲ್ಕ ಬಿದ್ದುಹೋಗುವುದಿಲ್ಲ. ‘ತಪಾಸಣೆಗೆ ನಿಮಗೆ ತಗಲುವ ವೆಚ್ಚವೆಷ್ಟು, ವಸೂಲಿ ಎಷ್ಟು?’ ಎಂಬ ಪ್ರಶ್ನೆಗೆ ಮಾತ್ರ ಸರ್ಕಾರ ಉತ್ತರ ಕೊಡಲೇಬೇಕಾಗುತ್ತದೆ.

ಹದಿನೈದು ವರ್ಷದ ಟ್ಯಾಕ್ಸಿಗಿ ಎಫ್‌ಸಿ ಒಮ್ಮೆಲೇ ಏಳು ಸಾವಿರ ಯಾಕಾಯ್ತ್ರಿ? ತಪಾಸಣೆ ಅಷ್ಟು ತುಟ್ಟಿಯಾಯ್ತಾ?

ತಪಾಸಣೆ ತುಟ್ಟಿಯಾಗಲಿಲ್ಲ, ಸರ್ಕಾರದ ಉದ್ದೇಶ ಬದಲಾಯಿತು. ಹಳೆಯ ವಾಹನಗಳನ್ನು ಗುಜರಿಗೆ ಕಳಿಸುವ ನೀತಿಯ ಭಾಗವಾಗಿ 2021ರ ಅಕ್ಟೋಬರಿನಲ್ಲಿ ಹೊರಡಿಸಿದ ಅಧಿಸೂಚನೆ 2022ರ ಏಪ್ರಿಲ್ 1ರಿಂದ ಜಾರಿಗೆ ಬಂತು. 15 ವರ್ಷ ಮೀರಿದ ಟ್ಯಾಕ್ಸಿಯ ಎಫ್‌ಸಿ ವೆಚ್ಚ 1,000 ರೂಪಾಯಿಯಿಂದ 7,000 ರೂಪಾಯಿಗೆ ಏರಿತು. ಹಳೆಯ ಟ್ಯಾಕ್ಸಿಯ ಬ್ರೇಕು ನೋಡಲು ಹೊಸ ಟ್ಯಾಕ್ಸಿಯ ಬ್ರೇಕು ನೋಡುವುದಕ್ಕಿಂತ ಏಳು ಪಟ್ಟು ಖರ್ಚಾಗುತ್ತದೆಂದು ಯಾರೂ ವಾದಿಸಲಿಲ್ಲ. ವಾಹನವನ್ನು ಇಟ್ಟುಕೊಳ್ಳುವುದು ಲಾಭದಾಯಕವಾಗದಂತೆ ಮಾಡಬೇಕೆಂಬುದೇ ಇಲ್ಲಿನ ಲೆಕ್ಕಾಚಾರ.

ಹಳೆಯ ವಾಹನದ ಹೊಗೆಯೂ ಅಪಾಯವೂ ಹೆಚ್ಚೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ವೆಚ್ಚದ ಹೆಸರಿನಲ್ಲಿ ವಸೂಲಾಗುವ ಶುಲ್ಕವನ್ನು ನೀತಿಯ ಕೋಲಾಗಿ ಬಳಸುವಾಗ ಅದರ ಭಾರ ಯಾರ ಮೇಲೆ ಬೀಳುತ್ತದೆಂದು ನೋಡಬೇಕು. ಚಿಂಚೋಳಿಯಲ್ಲೋ ಶಹಾಪುರದಲ್ಲೋ ಮೂರನೇ ಕೈಯಿಂದ ಕೊಂಡ ಹಳೆಯ ಕಾರಿನಲ್ಲಿ ಆಸ್ಪತ್ರೆಗೆ, ಸಂತೆಗೆ, ಮದುವೆಗೆ ಬಾಡಿಗೆ ಹೊಡೆಯುವವನ ಬಳಿ ಹೊಸ ಗಾಡಿಗೆ ಕಟ್ಟುವ ಮುಂಗಡವಿರುವುದಿಲ್ಲ. ಗುಜರಿಗೆ ಹಾಕಿದವರಿಗೆ ಹೊಸ ವಾಹನದ ನೋಂದಣಿ ಶುಲ್ಕದಲ್ಲಿ ವಿನಾಯಿತಿ, ತೆರಿಗೆಯಲ್ಲಿ ರಿಯಾಯಿತಿ ಇದೆ, ಆದರೆ ಹೊಸದನ್ನು ಕೊಳ್ಳಬಲ್ಲವನಿಗಷ್ಟೇ ಅದರ ಪ್ರಯೋಜನ.

ದರ ಏರೋದು ನಮಗ್ಯಾಕ ಮೊದ್ಲೇ ಗೊತ್ತಾಗಂಗಿಲ್ಲ?

ಕಾಯ್ದೆಯ 211ನೇ ಕಲಮು ಶುಲ್ಕ ವಿಧಿಸುವ ಅಧಿಕಾರವನ್ನು ಕೇಂದ್ರಕ್ಕೂ ರಾಜ್ಯಕ್ಕೂ ಕೊಡುತ್ತದೆ. 212ನೇ ಕಲಮು ಅದಕ್ಕೊಂದು ಕಡಿವಾಣ ಹಾಕುತ್ತದೆ: ನಿಯಮವನ್ನು ಮಾಡುವ ಮೊದಲು ಕರಡನ್ನು ರಾಜಪತ್ರದಲ್ಲಿ, ಅಂದರೆ ಸರ್ಕಾರದ ಗೆಜೆಟ್ಟಿನಲ್ಲಿ ಪ್ರಕಟಿಸಿ ಆಕ್ಷೇಪಣೆ ಕೇಳಬೇಕು, ಮಾಡಿದ ಮೇಲೆ ಸದನದ ಮುಂದಿಡಬೇಕು. ಸಾಮಾನ್ಯವಾಗಿ 30 ದಿನಗಳ ಕಾಲಾವಕಾಶವಿರುತ್ತದೆ. ಅಂದರೆ ಗೊತ್ತಾಗುವ ದಾರಿ ಕಾನೂನಿನಲ್ಲಿದೆ, ಆದರೆ ರಾಜಪತ್ರ ಸ್ಟ್ಯಾಂಡಿಗೆ ಬರುವುದಿಲ್ಲ. ಕೇಂದ್ರದ ಕರಡು ಹಿಂದಿ, ಇಂಗ್ಲಿಷುಗಳಲ್ಲಿರುತ್ತದೆ. ಅದನ್ನು ಕನ್ನಡದಲ್ಲಿ ಪ್ರತಿ ಆರ್‌ಟಿಒ ಕಚೇರಿಯ ಫಲಕದ ಮೇಲೆ ಹಾಕುವುದು ಕಷ್ಟದ ಕೆಲಸವಲ್ಲ, ಹಾಕಲೇಬೇಕೆಂದು ಸಂಘಗಳು ಒತ್ತಾಯಿಸಬೇಕು.

ತೆರಿಗೆಯ ದಾರಿ ಬೇರೆ. ಅದು ಹೆಚ್ಚಾಗಿ ಬಜೆಟ್ ಅಧಿವೇಶನದಲ್ಲಿ ವಿಧೇಯಕವಾಗಿ ಬರುತ್ತದೆ. ಮೊದಲು ಮೂರು ತಿಂಗಳಿಗೊಮ್ಮೆ ತೆರಿಗೆ ಕಟ್ಟುತ್ತಿದ್ದ, 10 ಲಕ್ಷ ರೂಪಾಯಿಯೊಳಗಿನ ಟ್ಯಾಕ್ಸಿಗಳಿಗೆ ನೋಂದಣಿಯ ವೇಳೆಗೇ ಬೆಲೆಯ ಶೇ. 5ರಷ್ಟು ಆಜೀವ ತೆರಿಗೆ ಎಂಬ ಬದಲಾವಣೆ 2025ರ ಮಾರ್ಚಿನಲ್ಲಿ ಹೀಗೆಯೇ ಬಂತು. ಎಂಟು ಲಕ್ಷದ ಕಾರಿಗೆ ಇದು ಒಂದೇ ಕಂತಿನಲ್ಲಿ 40,000 ರೂಪಾಯಿ. ಇಂಥದ್ದಕ್ಕೆ ಆಕ್ಷೇಪಣೆ ಸಲ್ಲಿಸುವ ವಿಳಾಸ ನಿಮ್ಮ ಶಾಸಕರದೇ.

ಸೋಲಾಪುರ, ತುಳಜಾಪುರ, ಹೈದರಾಬಾದಿಗಿ ಹೋದ್ರ ಅಲ್ಲೀನೂ ಕಟ್ಬೇಕೇನ್ರಿ?

ಮೂರು ಜಿಲ್ಲೆಗಳೂ ಗಡಿಗೆ ಅಂಟಿಕೊಂಡಿರುವುದರಿಂದ ಈ ಪ್ರಶ್ನೆ ನಮಗೆ ಬೆಂಗಳೂರಿನವರಿಗಿಂತ ಹತ್ತಿರದ್ದು. ರಾಜ್ಯದ ಪರ್ಮಿಟ್ ಮಾತ್ರ ಇದ್ದರೆ ಹೊರರಾಜ್ಯದ ಪ್ರತಿ ಪ್ರವಾಸಕ್ಕೆ 88(8) ಕಲಮಿನಡಿ ವಿಶೇಷ ಪರ್ಮಿಟ್ ಪಡೆದು, ಆ ರಾಜ್ಯದ ತೆರಿಗೆಯನ್ನೂ ಕಟ್ಟಬೇಕಾಗುತ್ತದೆ. ವಾರಕ್ಕೆ ಎರಡು ಮೂರು ಸಲ ಗಡಿ ದಾಟುವವರಿಗೆ ಅಖಿಲ ಭಾರತ ಪ್ರವಾಸಿ ಪರ್ಮಿಟ್ ಅನುಕೂಲ. 2023ರ ಮೇ 1ರಿಂದ ಜಾರಿಯಲ್ಲಿರುವ ನಿಯಮಗಳ ಪ್ರಕಾರ ಇದನ್ನು ಕೇಂದ್ರದ ಜಾಲತಾಣದಲ್ಲಿ ಪಡೆಯಬಹುದು. ಶುಲ್ಕ ಆಸನಗಳ ಸಂಖ್ಯೆಯನ್ನು ಅವಲಂಬಿಸಿದೆ, ಬ್ಯಾಟರಿ, ಎಥನಾಲ್ ಮತ್ತು ಮೆಥನಾಲ್ ವಾಹನಗಳಿಗೆ ಶುಲ್ಕವಿಲ್ಲ. ಹೀಗೆ ಒಟ್ಟಾದ ಹಣವನ್ನು ಕೇಂದ್ರ ಒಂದು ಸೂತ್ರದಂತೆ ರಾಜ್ಯಗಳಿಗೆ ಹಂಚುತ್ತದೆ.

ಈ ಪರ್ಮಿಟ್ ಇಟ್ಟುಕೊಂಡು ಹುಮನಾಬಾದಿನಿಂದ ಜಹೀರಾಬಾದಿಗೆ ದಾರಿಯುದ್ದಕ್ಕೂ ಸೀಟು ಹತ್ತಿಸಿಕೊಂಡು ಹೋಗುವಂತಿಲ್ಲ. ಪ್ರಯಾಣಿಕರ ಪಟ್ಟಿ ವಾಹನದಲ್ಲಿರಬೇಕು.

ಫೀಸ್ ಏರಿದ್ರ ಬಾಡಿಗಿ ಯಾಕ ಏರಂಗಿಲ್ಲ?

ಬಾಡಿಗೆ ದರವನ್ನು ಗೊತ್ತು ಮಾಡುವ ಅಧಿಕಾರ 67ನೇ ಕಲಮಿನಡಿ ರಾಜ್ಯ ಸರ್ಕಾರಕ್ಕಿದೆ. 2024ರ ಜನವರಿಯ ಆದೇಶ ಬೆಲೆಯ ಪ್ರಕಾರ ಮೂರು ದರ್ಜೆ ಮಾಡಿತು. 10 ಲಕ್ಷದೊಳಗಿನ ವಾಹನಕ್ಕೆ ಮೊದಲ 4 ಕಿಲೋಮೀಟರಿಗೆ 100 ರೂಪಾಯಿ, ಆಮೇಲೆ ಕಿಲೋಮೀಟರಿಗೆ 24. 10ರಿಂದ 15 ಲಕ್ಷದ್ದಕ್ಕೆ 115 ಮತ್ತು 28. ಅದಕ್ಕೂ ಮೇಲಿನದಕ್ಕೆ 130 ಮತ್ತು 32 ರೂಪಾಯಿ. ಶುಲ್ಕ ಏರಿದ ಕೂಡಲೇ ಬಾಡಿಗೆಯೂ ತಾನಾಗಿ ಏರುವಂಥ ಕೊಂಡಿ ಯಾವ ನಿಯಮದಲ್ಲೂ ಇಲ್ಲ. ಶುಲ್ಕವನ್ನು ಒಂದು ಸರ್ಕಾರ, ತೆರಿಗೆ ಮತ್ತು ಬಾಡಿಗೆಯನ್ನು ಇನ್ನೊಂದು ಸರ್ಕಾರ ತಮ್ಮ ತಮ್ಮ ಕಾಲಕ್ಕೆ ಬದಲಿಸುತ್ತವೆ, ನಡುವಿನ ವ್ಯತ್ಯಾಸವನ್ನು ಚಾಲಕ ಭರಿಸುತ್ತಾನೆ. ನಮ್ಮ ಭಾಗದಲ್ಲಂತೂ ಬಾಡಿಗೆ ನಿಂತಿರುವುದು ಮಾತುಕತೆಯ ಮೇಲೆ, ಹೀಗಾಗಿ ಅಧಿಕೃತ ದರ ಏರಿದರೂ ಕೈಗೆ ಸಿಗುವುದು ಅನುಮಾನ.

ರೈಲ್ವೆ ಸ್ಟೇಷನ್ದಾಗ, ವಿಮಾನ ನಿಲ್ದಾಣದಾಗ ಬೇರೆ ರೊಕ್ಕ ಕೇಳ್ತಾರಲ್ರಿ?

ಅದು ಜಾಗದ ಮಾಲೀಕರು ಪಡೆಯುವ ಹಣ. ಕಲಬುರಗಿ ನಿಲ್ದಾಣ ಮಧ್ಯ ರೈಲ್ವೆಯ ಸೋಲಾಪುರ ವಿಭಾಗಕ್ಕೆ, ಯಾದಗಿರಿ ಮತ್ತು ಬೀದರ್ ನಿಲ್ದಾಣಗಳು ದಕ್ಷಿಣ ಮಧ್ಯ ರೈಲ್ವೆಗೆ ಸೇರಿವೆ, ಪಾರ್ಕಿಂಗ್ ಗುತ್ತಿಗೆಯೂ ಅವರದೇ. ಕಲಬುರಗಿ ವಿಮಾನ ನಿಲ್ದಾಣದ ಒಳಗಿನ ದರ ಅದನ್ನು ನಡೆಸುವ ಪ್ರಾಧಿಕಾರದ್ದು. ಊರೊಳಗಿನ ಸ್ಟ್ಯಾಂಡಿನ ಜಾಗವನ್ನು 117ನೇ ಕಲಮಿನಡಿ ಸ್ಥಳೀಯ ಸಂಸ್ಥೆಯೊಡನೆ ಸಮಾಲೋಚಿಸಿ ಗೊತ್ತುಪಡಿಸಲಾಗುತ್ತದೆ. ಗುತ್ತಿಗೆದಾರ ದರಪಟ್ಟಿ ಹಾಕದೆ, ಚೀಟಿ ಕೊಡದೆ ಹಣ ಕೇಳಿದರೆ ದೂರನ್ನು ಗುತ್ತಿಗೆ ಕೊಟ್ಟ ಸಂಸ್ಥೆಗೇ ಬರೆಯಬೇಕು.

## ಹಣ ಹೋಗುವ ದಾರಿ

ನಾ ಕಟ್ಟಿದ ರೊಕ್ಕ ಕಡೀಕ ಎಲ್ಲಿಗ್ ಹೋಗ್ತದ್ರಿ?

ರಾಜ್ಯದ ಸಂಚಿತ ನಿಧಿಗೆ. ಸಂವಿಧಾನದ 266ನೇ ಅನುಚ್ಛೇದದಂತೆ ಸರ್ಕಾರದ ಎಲ್ಲ ಆದಾಯವೂ ಅಲ್ಲಿಗೇ ಸೇರಬೇಕು, ಅಲ್ಲಿಂದ ಒಂದು ರೂಪಾಯಿ ತೆಗೆಯಲೂ ಶಾಸನಸಭೆ ಧನವಿನಿಯೋಗ ವಿಧೇಯಕವನ್ನು ಒಪ್ಪಬೇಕು. ವಾಹನಗಳಿಂದ ಬಂದ ಆದಾಯ ಬಜೆಟ್ ಪುಸ್ತಕಗಳಲ್ಲಿ 0041 ಎಂಬ ಲೆಕ್ಕಶೀರ್ಷಿಕೆಯಡಿ ಕಾಣುತ್ತದೆ. ಅದನ್ನು ವಸೂಲು ಮಾಡುವ ಇಲಾಖೆಯ ವೆಚ್ಚ, ಅಂದರೆ ಸಂಬಳ, ಕಚೇರಿ, ತಪಾಸಣೆ ಮುಂತಾದವು 2041ರಡಿ ಕಾಣುತ್ತವೆ. ಈ ಎರಡು ಸಂಖ್ಯೆಗಳನ್ನು ನೆನಪಿಟ್ಟುಕೊಳ್ಳಿ.

2025-26ನೇ ಸಾಲಿಗೆ ಸಾರಿಗೆ ಇಲಾಖೆಗೆ ಕೊಟ್ಟ ವಸೂಲಿ ಗುರಿ 15,000 ಕೋಟಿ ರೂಪಾಯಿ. ಇಲಾಖೆಯ ಸ್ವಂತ ವೆಚ್ಚ ಅದರ ಮುಂದೆ ಬಹಳ ಸಣ್ಣದು. ಉಳಿದದ್ದು ಶಾಲೆ, ಆಸ್ಪತ್ರೆ, ನೀರಾವರಿ, ಸಾಲದ ಬಡ್ಡಿ ಹೀಗೆ ರಾಜ್ಯದ ಸಾಮಾನ್ಯ ಖರ್ಚಿಗೆ ಬೆರೆಯುತ್ತದೆ. ತೆರಿಗೆಯ ಪಾಲಿಗೆ ಇದು ಸಹಜವೇ. ಆದರೆ ಶುಲ್ಕ ಮತ್ತು ತೆರಿಗೆ ಒಂದೇ ಕಾಲುವೆಯಲ್ಲಿ ಹರಿಯುವುದರಿಂದ, ಎಫ್‌ಸಿ ಶುಲ್ಕವಾಗಿ ಬಂದದ್ದೆಷ್ಟು, ಎಫ್‌ಸಿ ತಪಾಸಣೆಗೆ ಖರ್ಚಾದದ್ದೆಷ್ಟು ಎಂಬ ಪ್ರಶ್ನೆಗೆ ಸಾಮಾನ್ಯ ಓದುಗ ಉತ್ತರ ಹುಡುಕುವುದು ಕಷ್ಟ. ಅದನ್ನು ಇಲಾಖೆಯೇ ಪ್ರತಿ ವರ್ಷ ಬೇರ್ಪಡಿಸಿ ಪ್ರಕಟಿಸಬೇಕು.

ನಮ್ಮ ಟ್ಯಾಕ್ಸಿನ್ಯಾಗ ಬೆಂಗಳೂರು ಮೆಟ್ರೋಕ್ಕೂ ಪಾಲು ಅದ ಅಂತಾರ, ಖರೇ ಏನ್ರಿ?

ನಿಜ. ತೆರಿಗೆ ಕಾಯ್ದೆಯ 3ಎ ಕಲಮಿನಡಿ ವಾಹನ ತೆರಿಗೆಯ ಮೇಲೆ ಮೂಲಸೌಕರ್ಯ ಸೆಸ್ ವಸೂಲಾಗುತ್ತದೆ. ಅದರ ಉದ್ದೇಶಗಳಲ್ಲಿ ವಿವಿಧ ಮೂಲಸೌಕರ್ಯ ಯೋಜನೆಗಳು, ಬೆಂಗಳೂರಿನ ಮೆಟ್ರೋ ಕಂಪನಿಯಲ್ಲಿ ಸರ್ಕಾರದ ಷೇರು ಬಂಡವಾಳ, ಮುಖ್ಯಮಂತ್ರಿ ಗ್ರಾಮೀಣ ರಸ್ತೆ ಅಭಿವೃದ್ಧಿ ನಿಧಿ ಇವುಗಳ ಹೆಸರು ಕಾಯ್ದೆಯಲ್ಲಿಯೇ ಇದೆ. ಆದ್ದರಿಂದ ಯಾದಗಿರಿಯಲ್ಲಿ ನೋಂದಣಿಯಾದ ಕಾರಿನ ಸೆಸ್ಸಿನಲ್ಲಿಯೂ ಮೆಟ್ರೋ ಪಾಲಿದೆ, ಹಾಗೆಯೇ ಗ್ರಾಮೀಣ ರಸ್ತೆಯ ಪಾಲೂ ಇದೆ. ಮೆಟ್ರೋ ಬೇಡವೆನ್ನುವುದು ನಮ್ಮ ವಾದವಲ್ಲ. ಗ್ರಾಮೀಣ ರಸ್ತೆ ನಿಧಿಯಿಂದ ಸೇಡಂ, ಔರಾದ, ವಡಗೇರಾ ತಾಲ್ಲೂಕುಗಳಿಗೆ ಬಂದದ್ದೆಷ್ಟು ಎಂದು ಕೇಳುವುದು ಹೆಚ್ಚು ಫಲ ಕೊಡುವ ಪ್ರಶ್ನೆ.

371ಜೆ ಅದಲ್ರಿ, ಇಲ್ಲಿ ಕಟ್ಟಿದ ಫೀಸ್ ಇಲ್ಲೇ ಖರ್ಚಾಗ್ಬೇಕಲ್ಲ?

371ಜೆ ಅನುಚ್ಛೇದ ಕಲ್ಯಾಣ ಕರ್ನಾಟಕಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿ, ಅಭಿವೃದ್ಧಿ ವೆಚ್ಚಕ್ಕೆ ಅನುದಾನದ ನ್ಯಾಯವಾದ ಹಂಚಿಕೆ, ಶಿಕ್ಷಣ ಮತ್ತು ಉದ್ಯೋಗದಲ್ಲಿ ಮೀಸಲಾತಿ ಇವುಗಳಿಗೆ ದಾರಿ ಮಾಡಿತು. ಇಲ್ಲಿ ವಸೂಲಾದ ಶುಲ್ಕ ಇಲ್ಲಿಯೇ ಉಳಿಯಬೇಕೆಂದು ಅದು ಹೇಳುವುದಿಲ್ಲ. ಮಂಡಳಿಯ ಅನುದಾನಕ್ಕೂ ನಮ್ಮ ಆರ್‌ಟಿಒ ಕಚೇರಿಗಳ ವಸೂಲಿಗೂ ಲೆಕ್ಕದ ಸಂಬಂಧವಿಲ್ಲ. ಚಾಲನಾ ಪರೀಕ್ಷಾ ಪಥ, ಚಾಲಕರ ವಿಶ್ರಾಂತಿ ಕೊಠಡಿ, ಸ್ಟ್ಯಾಂಡಿಗೆ ನೆರಳು ಮತ್ತು ನೀರು ಇಂಥ ಬೇಡಿಕೆಗಳನ್ನು ಮಂಡಳಿಯ ಕ್ರಿಯಾಯೋಜನೆಗೆ ಸೇರಿಸುವಂತೆ ಕೇಳಬಹುದು. ಬೇಸಿಗೆಯಲ್ಲಿ 43 ಡಿಗ್ರಿ ದಾಟುವ ನಮ್ಮ ಊರುಗಳಲ್ಲಿ ನೆರಳಿನ ಬೇಡಿಕೆಯನ್ನು ಚಿಕ್ಕದೆಂದು ಯಾರೂ ಎಣಿಸಬಾರದು.

ಚಾಲಕರ ಹೆಸರಿನ್ಯಾಗ ಸೆಸ್ ತಗೋತಾರಲ್ಲ, ಅದು ನಮಗ್ ಸಿಗ್ತದೇನ್ರಿ?

ಇದೂ ಸಾಮಾನ್ಯ ಖಜಾನೆಯಲ್ಲಿ ಕರಗಿಹೋಗದಂತೆ ಉದ್ದೇಶವನ್ನು ಕಾನೂನಿನಲ್ಲಿಯೇ ಕಟ್ಟಿಹಾಕಿದ ಹಣ. ಮೋಟಾರು ಸಾರಿಗೆ ಮತ್ತು ಸಂಬಂಧಿತ ಕಾರ್ಮಿಕರ ಸಾಮಾಜಿಕ ಭದ್ರತೆ ಹಾಗೂ ಕಲ್ಯಾಣಕ್ಕೆಂದು ರಾಜ್ಯ 2024ರಲ್ಲಿ ಕಾಯ್ದೆ ಮಾಡಿತು. ಅದೇ ವರ್ಷದ ಡಿಸೆಂಬರಿನಲ್ಲಿ ಒಪ್ಪಿಗೆ ಪಡೆದ ತೆರಿಗೆ ತಿದ್ದುಪಡಿಯ ಪ್ರಕಾರ ಹೊಸ ಬೈಕಿಗೆ 500, ಹೊಸ ಖಾಸಗಿ ಕಾರಿಗೆ 1,000 ರೂಪಾಯಿ ಸೆಸ್ ಈ ಕಾರ್ಮಿಕರ ನಿಧಿಗೆ ಸೇರಬೇಕು. ಸೌಲಭ್ಯ ಸಿಗುವುದು ನೋಂದಾಯಿತ ಚಾಲಕರಿಗೆ ಮಾತ್ರ. ನಮ್ಮಲ್ಲಿ ಹೆಚ್ಚಿನವರು ನೋಂದಣಿಯನ್ನೇ ಮಾಡಿಸಿಲ್ಲ, ಅಪಘಾತವಾದ ಮೇಲೆ ಮನೆಯವರು ಕಾರ್ಮಿಕ ಇಲಾಖೆಗೆ ಓಡುತ್ತಾರೆ. ಡಿಎಲ್, ಆಧಾರ್, ಬ್ಯಾಂಕ್ ಪುಸ್ತಕ ತೆಗೆದುಕೊಂಡು ಈ ವಾರವೇ ವಿಚಾರಿಸಿ.

## ಇನ್ನೂ ಆಳಕ್ಕೆ ಇಳಿಯುವವರಿಗೆ

ಬೇರೆ ದೇಶದಾಗ ಟ್ಯಾಕ್ಸಿ ಫೀಸ್ ಟ್ಯಾಕ್ಸಿಗೇ ಖರ್ಚು ಮಾಡ್ತಾರಂತ, ಖರೇ ಏನು?

ಲಂಡನ್ ಹೊರತಾದ ಇಂಗ್ಲೆಂಡಿನ ಊರುಗಳಲ್ಲಿ 1976ರ ಸ್ಥಳೀಯಾಡಳಿತ ಕಾಯ್ದೆಯೊಂದರಂತೆ ಟ್ಯಾಕ್ಸಿ ಲೈಸೆನ್ಸನ್ನು ಸ್ಥಳೀಯ ಕೌನ್ಸಿಲ್ ಕೊಡುತ್ತದೆ. ಅದರ 53ನೇ ಕಲಮು ಚಾಲಕನ ಶುಲ್ಕಕ್ಕೂ 70ನೇ ಕಲಮು ವಾಹನದ ಶುಲ್ಕಕ್ಕೂ ಸಂಬಂಧಿಸಿವೆ. ತಪಾಸಣೆ, ಸ್ಟ್ಯಾಂಡಿನ ವ್ಯವಸ್ಥೆ, ಆಡಳಿತ ಮತ್ತು ನಿಯಂತ್ರಣಕ್ಕೆ ತಗಲುವ ನ್ಯಾಯವಾದ ವೆಚ್ಚವನ್ನಷ್ಟೇ ವಸೂಲು ಮಾಡಬೇಕು. ವಾಹನದ ಶುಲ್ಕವನ್ನು ನಿಗದಿತ ಮಿತಿ ಮೀರಿ ಏರಿಸಬೇಕಾದರೆ ಸ್ಥಳೀಯ ಪತ್ರಿಕೆಯಲ್ಲಿ ಪ್ರಕಟಿಸಿ ಕನಿಷ್ಠ 28 ದಿನ ಆಕ್ಷೇಪಣೆಗೆ ಕಾಯಬೇಕು.

ವೇಕ್‌ಫೀಲ್ಡ್ ಎಂಬ ಊರಿನ ಕೌನ್ಸಿಲ್, ಚಾಲಕರ ನಡವಳಿಕೆಯ ಮೇಲೆ ನಿಗಾ ಇಡುವ ಖರ್ಚನ್ನು ವಾಹನದ ಶುಲ್ಕದೊಳಗೆ ಸೇರಿಸಿತ್ತು. ಚಾಲಕರ ಸಂಘದವರು ಕೋರ್ಟಿಗೆ ಹೋದರು. ಆ ಖರ್ಚನ್ನು ಚಾಲಕನ ಲೈಸೆನ್ಸ್ ಶುಲ್ಕದಲ್ಲಿ ಸೇರಿಸಬಹುದು, ವಾಹನದ ಶುಲ್ಕದಲ್ಲಲ್ಲ ಎಂದು ಅಲ್ಲಿನ ಮೇಲ್ಮನವಿ ನ್ಯಾಯಾಲಯ 2019ರಲ್ಲಿ ತೀರ್ಪಿತ್ತಿತು. ಖರ್ಚು ಯಾವ ಖಾತೆಯದೆಂದು ಪ್ರಶ್ನಿಸಲು ಸಾಧ್ಯವಾದದ್ದು ಕೌನ್ಸಿಲ್ ಲೆಕ್ಕವನ್ನು ಬೇರ್ಪಡಿಸಿ ಇಟ್ಟಿದ್ದರಿಂದ. ನಮ್ಮ ಕಾಯ್ದೆಯಲ್ಲಿ ಅಂಥ ಕಟ್ಟಳೆ ಇಲ್ಲ. ಒಂದು ಬದಲಾವಣೆಯನ್ನಷ್ಟೇ ಕೇಳಲು ಅವಕಾಶವಿದ್ದರೆ ನಾವು ಕೇಳುವುದು ಇದನ್ನೇ.

ಆ್ಯಪ್ ಕಂಪನಿಯವ್ರು ಎಷ್ಟು ಕಟ್ತಾರ್ರಿ?

ಕಾಯ್ದೆಯ 93ನೇ ಕಲಮಿನಡಿ ಅವರಿಗೂ ಲೈಸೆನ್ಸ್ ಬೇಕು. ಕರ್ನಾಟಕ 2016ರಲ್ಲಿಯೇ ಇದಕ್ಕೆ ತನ್ನದೇ ನಿಯಮ ಮಾಡಿತು. ಕೇಂದ್ರದ 2020ರ ಮಾರ್ಗಸೂಚಿ ಐದು ವರ್ಷದ ಲೈಸೆನ್ಸಿಗೆ 5 ಲಕ್ಷ ರೂಪಾಯಿ ಶುಲ್ಕ, ವಾಹನಗಳ ಸಂಖ್ಯೆಯ ಪ್ರಕಾರ 10, 25 ಅಥವಾ 50 ಲಕ್ಷ ರೂಪಾಯಿ ಠೇವಣಿ ಎಂದು ಸೂಚಿಸಿತು. ಸಾವಿರಾರು ವಾಹನ ಜೋಡಿಸಿಕೊಂಡ ಕಂಪನಿಗೆ ಇದು ಒಂದೊಂದು ಕಾರಿಗೆ ಹಂಚಿದರೆ ಸಣ್ಣ ಹೊರೆ. ಪರ್ಮಿಟ್, ಎಫ್‌ಸಿ, ತೆರಿಗೆಗಳ ಭಾರವೆಲ್ಲ ಕಾರಿನ ಮಾಲೀಕನದೇ. 2025ರ ಗಿಗ್ ಕಾರ್ಮಿಕರ, ಅಂದರೆ ಆ್ಯಪ್ ಮೂಲಕ ಕೆಲಸ ಪಡೆಯುವವರ ಕಾಯ್ದೆ ಕಂಪನಿಗಳಿಂದ ಶೇ. 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಪಡೆಯಲು ಅವಕಾಶ ಮಾಡಿದೆ.

ಲೆಕ್ಕ ಕೇಳ್ಬೇಕಂದ್ರ ಹ್ಯಾಂಗ್ ಕೇಳ್ಬೇಕ್ರಿ?

2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಿದರೆ 30 ದಿನದೊಳಗೆ ಉತ್ತರ ಬರಬೇಕು. ರಾಜ್ಯದ ನಿಯಮದಂತೆ ಅರ್ಜಿ 150 ಪದಗಳನ್ನು ಮೀರದಂತೆ, ಒಂದೇ ವಿಷಯಕ್ಕೆ ಸೀಮಿತವಾಗಿರಲಿ. ‘ಹಣ ಏನು ಮಾಡಿದಿರಿ?’ ಎಂದು ಬರೆದರೆ ‘ಖಜಾನೆಗೆ ಜಮಾ ಮಾಡಲಾಗಿದೆ’ ಎಂಬ ಒಂದು ಸಾಲಿನ ಉತ್ತರ ಬರುತ್ತದೆ. ಹಾಗೆ ಬರೆಯದೆ, ಕಳೆದ ಮೂರು ಆರ್ಥಿಕ ವರ್ಷಗಳಲ್ಲಿ ನಿಮ್ಮ ಕಚೇರಿಯಲ್ಲಿ ಎಫ್‌ಸಿ ಶುಲ್ಕ, ತಡವಾದುದಕ್ಕೆ ಪಡೆದ ಹೆಚ್ಚುವರಿ ಶುಲ್ಕ, ಪರ್ಮಿಟ್ ಶುಲ್ಕ, ತೆರಿಗೆ ಎಂದು ಬೇರೆ ಬೇರೆಯಾಗಿ ವಸೂಲಾದ ಮೊತ್ತವೆಷ್ಟೆಂದು ಕೇಳಿ. ಮಂಜೂರಾದ ಮತ್ತು ಭರ್ತಿಯಾದ ಇನ್‌ಸ್ಪೆಕ್ಟರ್ ಹುದ್ದೆಗಳೆಷ್ಟು, 192ಎ ಕಲಮಿನಡಿ ಹಾಕಿದ ಪ್ರಕರಣಗಳೆಷ್ಟು ಎಂಬುದನ್ನು ಇನ್ನೊಂದು ಅರ್ಜಿಯಲ್ಲಿ ಕೇಳಿ. ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ವರದಿಗಳಲ್ಲಿ ಸಾರಿಗೆ ಇಲಾಖೆಯ ವಸೂಲಿಯ ಲೋಪಗಳು ಆಗಾಗ ದಾಖಲಾಗುತ್ತವೆ, ಅವು ಸದನದ ಮುಂದೆ ಬಂದ ಮೇಲೆ ಸಾರ್ವಜನಿಕ ದಾಖಲೆಗಳೇ.

ಕೆಲಸವೇ ತಡವಾದರೆ ದಾರಿ ಬೇರೆ. ಸಕಾಲ ಎಂದು ಹೆಸರಾದ 2011ರ ಕಾಯ್ದೆಯಡಿ ಅರ್ಜಿಯ ಸಂಖ್ಯೆ ಇಟ್ಟುಕೊಂಡು ಮೇಲ್ಮನವಿ ಸಲ್ಲಿಸಿದರೆ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿವರೆಗೆ ಪರಿಹಾರಕ್ಕೆ ಅವಕಾಶವಿದೆ.

ಕೋರ್ಟಿಗಿ ಹೋದ್ರ ಫೀಸ್ ರದ್ದಾಗ್ತದೇನ್ರಿ?

ಪರ್ಮಿಟ್ ನಿರಾಕರಣೆ, ಅಮಾನತು ಇಂಥ ಆದೇಶಗಳ ವಿರುದ್ಧ 89ನೇ ಕಲಮಿನಡಿ ರಾಜ್ಯ ಸಾರಿಗೆ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬೇಕು. ಶುಲ್ಕದ ನಿಯಮವನ್ನೇ ಪ್ರಶ್ನಿಸುವುದಾದರೆ ಹೈಕೋರ್ಟಿನಲ್ಲಿ ರಿಟ್ ಅರ್ಜಿ. ಇದಕ್ಕೆ ಬೆಂಗಳೂರಿಗೆ ಹೋಗಬೇಕಾಗಿಲ್ಲ, ಕಲಬುರಗಿಯಲ್ಲಿ 2008ರಲ್ಲಿ ಸಂಚಾರಿ ಪೀಠವಾಗಿ ಆರಂಭವಾದ ಹೈಕೋರ್ಟ್ ಪೀಠ 2013ರ ಆಗಸ್ಟ್ 31ರಿಂದ ಕಾಯಂ ಆಗಿದೆ. ‘ನಮಗೆ ಹೊರೆ’ ಎಂಬ ವಾದವೊಂದೇ ಅಲ್ಲಿ ಸಾಲದು. ಕರಡನ್ನು ಪ್ರಕಟಿಸದೆ ನಿಯಮ ಮಾಡಿದ್ದಾರೆ, ಕಾಯ್ದೆ ಕೊಡದ ಅಧಿಕಾರವನ್ನು ಬಳಸಿದ್ದಾರೆ, ಮೊತ್ತಕ್ಕೂ ವೆಚ್ಚಕ್ಕೂ ಯಾವ ಹೊಂದಿಕೆಯೂ ಇಲ್ಲ ಎಂಬುದನ್ನು ದಾಖಲೆಯಿಂದ ತೋರಿಸಬೇಕು. ಮಾಹಿತಿ ಹಕ್ಕಿನ ಉತ್ತರಗಳು ಕೈಯಲ್ಲಿಲ್ಲದೆ ವಕೀಲರ ಬಳಿ ಹೋಗುವುದು ಹಣ ಕಳೆದುಕೊಳ್ಳುವ ದಾರಿ.

ಕರಡು ಬಂದಾಗ ಆಕ್ಷೇಪಣೆ ಪತ್ರದಾಗ ಏನ್ ಬರೀಬೇಕ್ರಿ?

ಅಧಿಸೂಚನೆಯ ಸಂಖ್ಯೆ ಮತ್ತು ದಿನಾಂಕವನ್ನು ಮೊದಲ ಸಾಲಿನಲ್ಲಿಯೇ ಬರೆಯಿರಿ, ಅದಿಲ್ಲದ ಪತ್ರವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಯಾವ ನಿಯಮದ ಯಾವ ಸಾಲಿಗೆ ಆಕ್ಷೇಪವೆಂದು ಗುರುತಿಸಿ. ಆಮೇಲೆ ಒಂದು ವಾಹನದ ವರ್ಷದ ನಿಜವಾದ ಲೆಕ್ಕ ಕೊಡಿ: ಓಡಿದ ಕಿಲೋಮೀಟರು, ಇಂಧನ, ವಿಮೆ, ಕಂತು, ತೆರಿಗೆ, ಶುಲ್ಕ, ಉಳಿದದ್ದು. ‘ರದ್ದು ಮಾಡಿ’ ಎಂದಷ್ಟೇ ಬರೆಯದೆ ಎಷ್ಟಿದ್ದರೆ ನ್ಯಾಯವೆಂಬುದನ್ನು ಅಂಕಿಯಲ್ಲಿ ಸೂಚಿಸಿ, ಕಂತುಗಳಲ್ಲಿ ಕಟ್ಟುವ ಅವಕಾಶವನ್ನಾದರೂ ಕೇಳಿ. ಕೇಂದ್ರದ ಕರಡಿಗೆ ಕನ್ನಡದ ಪತ್ರದ ಜೊತೆ ಇಂಗ್ಲಿಷ್ ಅಥವಾ ಹಿಂದಿ ಅನುವಾದ ಲಗತ್ತಿಸಿ. ಸಂಘದ ಒಂದು ಪತ್ರಕ್ಕೆ ನೂರು ಸಹಿ ಹಾಕುವುದಕ್ಕಿಂತ, ತಮ್ಮ ತಮ್ಮ ಲೆಕ್ಕದೊಂದಿಗೆ ಹತ್ತು ಜನ ಪ್ರತ್ಯೇಕವಾಗಿ ಬರೆದ ಪತ್ರಗಳು ಮೇಲು. ಕೊನೆಯ ದಿನಾಂಕದೊಳಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ, ಇಮೇಲ್ ವಿಳಾಸವಿದ್ದರೆ ಅಲ್ಲಿಗೂ ಕಳಿಸಿ, ಅಂಚೆಯ ರಸೀದಿಯನ್ನು ಪತ್ರದ ಪ್ರತಿಯ ಜೊತೆಗೇ ಜೋಪಾನವಾಗಿ ಇಟ್ಟುಕೊಳ್ಳಿ. ಮುಂದೆ ರಿಟ್ ಅರ್ಜಿ ಹಾಕುವ ಸಂದರ್ಭ ಬಂದರೆ ವಕೀಲರು ಮೊದಲು ಕೇಳುವುದು ಆ ರಸೀದಿಯನ್ನು.